ಅಂಬಾಸಡರ್‌ಗೆ ಬಾಗಿಲು ಕೂರಿಸುವುದು

– ಉಸ್ತಾದ್, ಡ್ರೈವರ್ ಕಡೆ ಎರಡು ಬಾಗಿಲ ನಡುವಿನ ಸಂದು ನೋಡಿ. ಮೇಲೆ ಕಾಗದ ತೂರಿಸೋಕೂ ಜಾಗ ಇಲ್ಲ, ಕೆಳಗೆ ಬೆರಳು ಹೋಗುತ್ತೆ. ಮುಚ್ಚಬೇಕಾದ್ರೆ ಹಿಡಿ ಎತ್ತಿ ತಳ್ಳಬೇಕು. ಹಿಂದೆ ಕೊಟ್ಟಿದ್ದ ಗ್ಯಾರೇಜಿನಲ್ಲಿ ಹಿಂಜ್ ಪಿನ್ನು ಬದಲಾಯಿಸಿದ್ರು, ಬಾಗಿಲಿನ ಅಂಚು ಗ್ರೈಂಡ್ ಮಾಡಿದ್ರು, ಕೆಳಗಡೆ ಪುಟ್ಟಿ ತುಂಬಿದ್ರು. ಒಂದು ಮಳೆಗಾಲ ಕಳೆಯೋದ್ರಲ್ಲಿ ಪುಟ್ಟಿ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಬಾಗಿಲು ಮತ್ತೆ ಹಾಗೇ ಆಯ್ತು.

– ಬಾಗಿಲಿಗೆ ಕೈ ಹಾಕೋದು ಆಮೇಲೆ ಮೇಡಂ. ಮುಂದಿನ ಸಂದು ನೋಡಿದ್ರಾ? ಮಡ್‌ಗಾರ್ಡಿಗೂ ಬಾಗಿಲಿಗೂ ನಡುವೆ ಇರೋದು?

– ಅದು ಚೆನ್ನಾಗೇ ಇದೆಯಲ್ಲ. ಮೇಲಿಂದ ಕೆಳಗೆ ಒಂದೇ ಸಮ.

– ವಿಷಯ ಇರೋದೇ ಅಲ್ಲಿ. ಹಿಂಜ್ ಸವೆದು ಬಾಗಿಲು ಜೋತುಬಿದ್ದಿದ್ರೆ ಮುಂದಿನ ಸಂದೂ ಕೆಡಬೇಕಿತ್ತು. ಬಾಗಿಲಿನ ಹಿಂದಿನ ತುದಿ ಕೆಳಗಿಳಿದ್ರೆ ಮುಂದಿನ ಅಂಚು ಮೇಲ್ಗಡೆ ಬಿಟ್ಕೊಳ್ಳುತ್ತೆ, ಕೆಳಗಡೆ ಕಚ್ಕೊಳ್ಳುತ್ತೆ. ಇಲ್ಲಿ ಮಡ್‌ಗಾರ್ಡು, ಮುಂದಿನ ಪಿಲ್ಲರು, ಬಾಗಿಲು ಮೂರೂ ಒಟ್ಟಿಗೇ ಹಿಂದಕ್ಕೆ ವಾಲಿವೆ. ಅದಕ್ಕೇ ಅವುಗಳ ನಡುವಿನ ಸಂದು ಸರಿಯಾಗಿದೆ, ಹಿಂದಿನ ಸಂದು ಮಾತ್ರ ಬೆಣೆ ಥರ ಆಗಿದೆ. ಬಗ್ಗಿರೋದು ಬಾಗಿಲಲ್ಲ, ಕಾರಿನ ಮೈ. ಒಂದ್ಸಲ ಬಾಗಿಲನ್ನ ಅರ್ಧ ತೆಗೆದು, ತುದಿ ಹಿಡಿದು ಮೇಲಕ್ಕೆ ಎತ್ತಿ ನೋಡಿ.

– ಅಲ್ಲಾಡ್ತಾ ಇಲ್ಲ.

– ಹೊಸ ಪಿನ್ನು ಹಾಕಿದಾರಲ್ಲ, ಹಿಂಜ್‌ನಲ್ಲಿ ಆಟ ಇಲ್ಲ. ಅವರು ಮಾಡಿದ ಕೆಲಸ ಕೆಟ್ಟದ್ದಲ್ಲ, ಈ ಕಾಯಿಲೆಗೆ ಆ ಔಷಧಿ ಅಲ್ಲ ಅಷ್ಟೇ. ಈಗ ಜಾಕಿ ತಗೊಂಡು, ಮೇಲೊಂದು ದಪ್ಪ ಮರದ ಹಲಗೆ ಇಟ್ಟು, ರನ್ನಿಂಗ್ ಬೋರ್ಡ್ ನಡುಮಧ್ಯೆ ನಿಧಾನಕ್ಕೆ ಎತ್ತಿಸ್ತೀನಿ. ನೀವು ಆ ಮೇಲಿನ ಸಂದಿನ ಮೇಲೆ ಕಣ್ಣಿಡಿ.

– ಬಿಟ್ಕೊಳ್ತಾ ಇದೆ! ಚಕ್ರ ಇನ್ನೂ ನೆಲದ ಮೇಲೇ ಇದೆ, ಸಂದು ಮಾತ್ರ ತೆರೀತಾ ಇದೆ.

– ಗಟ್ಟಿ ಮೈಯಾಗಿದ್ರೆ ಹೀಗಾಗಲ್ಲ. ಹಳೇ ಕಾರು ಕೊಳ್ಳೋರಿಗೂ ನಾನು ಇದನ್ನೇ ಹೇಳೋದು. ಎಲ್ಲಾ ಬಾಗಿಲು ಮುಚ್ಚಿ ತೆಗೆದು ನೋಡಿ, ಆಮೇಲೆ ಒಂದು ಮೂಲೆ ಜಾಕಿಯಲ್ಲಿ ಎತ್ತಿ ಮತ್ತೆ ಮುಚ್ಚಿ ತೆಗೆದು ನೋಡಿ. ಬಿಗಿತ ಬದಲಾದ್ರೆ ಕೆಳಗೆ ತುಕ್ಕು ತಿಂದಿದೆ ಅಂತ ಅರ್ಥ. ಬಣ್ಣ ಎಷ್ಟೇ ಹೊಳೀಲಿ.

– ಅಂಬಾಸಡರ್ ಅಂದ್ರೆ ಲಾರಿ ಥರ ಗಟ್ಟಿ ಚಾಸಿ ಇರುತ್ತೆ, ಅದರ ಮೇಲೆ ಮೈ ಕೂರಿಸಿರ್ತಾರೆ ಅಂದ್ಕೊಂಡಿದ್ದೆ ನಾನು.

– ತುಂಬಾ ಜನ ಹಾಗೇ ಅಂದ್ಕೊಂಡಿರ್ತಾರೆ. ಇದು 1956ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅದೇ ಮೈ ಇಲ್ಲಿ ಹಿಂದೂಸ್ತಾನ್ ಮೋಟರ್ಸ್‌ನವರ ಉತ್ತರಪಾರಾ ಕಾರ್ಖಾನೆಗೆ ಬಂತು, 2014ರ ಮೇ ತಿಂಗಳಲ್ಲಿ ತಯಾರಿಕೆ ನಿಲ್ಲೋವರೆಗೂ ಹೆಚ್ಚುಕಡಿಮೆ ಅದೇ ಮೈ. ಬೇರೆ ಚಾಸಿ ಅಂತ ಇಲ್ಲ. ಫ್ಲೋರು, ಪಿಲ್ಲರು, ಟಾಪು, ಬಾಗಿಲ ಕೆಳಗಿನ ಈ ರನ್ನಿಂಗ್ ಬೋರ್ಡು, ಎಲ್ಲಾ ಸೇರಿ ಬೆಸೆದ ಒಂದೇ ಪೆಟ್ಟಿಗೆ. ಅದರಲ್ಲಿ ನಾಲ್ಕು ದೊಡ್ಡ ಬಾಗಿಲ ಬಾಯಿ ಕತ್ತರಿಸಿದಾರೆ. ಅಷ್ಟು ಜಾಗ ಖಾಲಿ ಬಿಟ್ಟ ಮೇಲೆ ಮುಂದಿನ ಭಾಗಕ್ಕೂ ಹಿಂದಿನ ಭಾಗಕ್ಕೂ ಸಂಬಂಧ ಉಳಿಯೋದು ಮೇಲೆ ಟಾಪು, ಕೆಳಗೆ ಫ್ಲೋರು ಮತ್ತೆ ಈ ಬೋರ್ಡು. ನೋಡೋಕೆ ಕಾಲಿಡುವ ಮೆಟ್ಟಿಲು, ಕೆಲಸ ತೊಲೆಯದ್ದು. ಒಳಗೊಂದು ತಗಡು ಹೊರಗೊಂದು ತಗಡು, ನಡುವೆ ಟೊಳ್ಳು.

– ಅದು ತುಕ್ಕು ಹಿಡಿದ್ರೆ ಕಾರು ನಡುವೆ ಕುಸಿಯುತ್ತೆ. ಕೆಳಭಾಗ ಹಿಗ್ಗುತ್ತೆ, ಮೇಲ್ಭಾಗ ಕುಗ್ಗುತ್ತೆ. ಹೊರೆ ಹೊತ್ತ ತೊಲೆ ಬಾಗೋ ರೀತಿನೇ. ನನ್ನ ಪಿಯುಸಿ ಮಕ್ಕಳಿಗೆ ಇದನ್ನೇ ಕಪ್ಪುಹಲಗೆ ಮೇಲೆ ಬರೆದು ತೋರಿಸ್ತೀನಿ. ಅದಕ್ಕೇ ಬಾಗಿಲ ಬಾಯಿ ಮೇಲೆ ಕಿರಿದು, ಕೆಳಗೆ ಅಗಲ.

– ಮನೇಲೂ ಅಷ್ಟೇ ಅಲ್ವಾ? ಪಾಯ ಒಂದು ಕಡೆ ಕೂತ್ರೆ ಬಾಗಿಲುವಾಡ ಓರೆಯಾಗಿ ಕದ ಸಿಕ್ಕಿಹಾಕ್ಕೊಳ್ಳುತ್ತೆ. ಬಡಗಿ ಬಂದು ಕದವನ್ನ ಕೀಸಿ ಹೋಗ್ತಾನೆ. ಪಾಯ ಇನ್ನೊಂದಿಷ್ಟು ಕೂತ್ರೆ ಮತ್ತೆ ಕೀಸಬೇಕು. ನಿಮ್ಮ ಬಾಗಿಲಿನ ಅಂಚು ಗ್ರೈಂಡ್ ಮಾಡಿದಾರಲ್ಲ, ಅದೂ ಕೀಸಿದ್ದೇ. ಅಂಚಿನಲ್ಲಿ ಹೊರತಗಡನ್ನ ಒಳತಗಡಿನ ಮೇಲೆ ಮಡಚಿ ಒತ್ತಿರ್ತಾರೆ. ಆ ಮಡಿಕೆ ಕೊರೆದು ಹೋದ್ರೆ ಎರಡೂ ತಗಡು ಬೇರೆಬೇರೆಯಾಗುತ್ತೆ, ನಡುವೆ ನೀರು ಸೇರುತ್ತೆ. ಇಲ್ಲಿ ಉಗುರಿನಿಂದ ತಡವಿ ನೋಡಿ, ಬಾಯಿ ಬಿಟ್ಟಿದೆ.

– ಹೌದು, ಚೂಪಾಗಿ ಸಿಗುತ್ತೆ. ನಮ್ಮ ಕಾರಿಗೇ ಯಾಕೆ ಇಷ್ಟು ಬೇಗ ಹೀಗಾಯ್ತು? ಅಪ್ಪ ಎಲ್ಲೂ ಗುದ್ದಿಸಿದವರಲ್ಲ.

– ಎಲ್ಲಿತ್ತು ಅಂದ್ರಿ? ಉಡುಪಿ. ಸಮುದ್ರದ ಉಪ್ಪುಗಾಳಿ, ಆ ಮಳೆ. ಬಾಗಿಲ ಗಾಜಿನ ಪಕ್ಕದಿಂದ ಒಳಗಿಳಿಯೋ ನೀರು ಬಾಗಿಲಿನ ತಳದ ತೂತಿನಿಂದ ಹೊರಗೆ ಹೋಗಬೇಕು. ಎಲೆ, ಧೂಳು, ಹಳೇ ರಬ್ಬರಿನ ಪುಡಿ ಸೇರಿ ಆ ತೂತು ಕಟ್ಟಿಕೊಳ್ಳುತ್ತೆ. ನೀರು ಅಲ್ಲೇ ನಿಂತು ಒಳಗಿಂದ ತಿನ್ನುತ್ತೆ. ಬೋರ್ಡಿನ ಟೊಳ್ಳಿನಲ್ಲೂ ಅದೇ ಕಥೆ. ಹೊರಗೆ ಬಣ್ಣ ಗುಳ್ಳೆ ಎದ್ದಿದ್ದು ಕಾಣೋ ಹೊತ್ತಿಗೆ ಒಳತಗಡು ಮುಗಿದಿರುತ್ತೆ. ಓಡಿಸದೆ ಶೆಡ್ಡಿನಲ್ಲಿ ನಿಲ್ಲಿಸಿದ ಕಾರಿಗೆ ಇದು ಇನ್ನೂ ಜಾಸ್ತಿ. ಪ್ರೀತಿಯಿಂದ ಟಾರ್ಪಾಲು ಹೊದಿಸಿ ಇಟ್ಟಿರ್ತಾರೆ, ಒಳಗೆ ತೇವ ಆರೋದೇ ಇಲ್ಲ.

– ಹಾಗಾದ್ರೆ ಬೋರ್ಡು ಕತ್ತರಿಸಿ ಹೊಸದು ಹಾಕಬೇಕು.

– ಹಾಕಬೇಕು. ಆದ್ರೆ ಕತ್ತರಿಸೋಕೆ ಮುಂಚೆ ಮಾಡೋ ಕೆಲಸವೇ ದೊಡ್ಡದು. ಮೊದಲು ಅಳತೆ. ಬಾಗಿಲ ಬಾಯಿಯ ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡೂ ಓರೆ ಅಳತೆ ತಗೋಬೇಕು. ಎಡಗಡೆ ಬಾಯಿಯದ್ದು, ಬಲಗಡೆ ಬಾಯಿಯದ್ದು, ಮುಂದಿನ ಗಾಜಿನ ಚೌಕಟ್ಟಿನದ್ದು. ಗಾರೆಯವರು ಬಳಸೋ ಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಅಲ್ಲೂ ಅಳೀಬೇಕು. ನಿಮ್ಮ ಕಾರಿನ ಎಡಗಡೆ ಇನ್ನೂ ಪರವಾಗಿಲ್ಲ, ಅದೇ ನಮಗೆ ಮಾದರಿ. ಆಮೇಲೆ ಜಾಕಿಯಲ್ಲಿ ಮೈಯನ್ನ ಸರಿ ಅಳತೆಗೆ ತಂದು, ಬಾಗಿಲ ಬಾಯಿಗೆ ಅಡ್ಡಡ್ಡ, ಓರೆಯಾಗಿ ಕಬ್ಬಿಣದ ಪೈಪು ಬೆಸೆದು ಕಟ್ಟಿಹಾಕಬೇಕು. ಇದಾಗದೆ ಬೋರ್ಡು ಕತ್ತರಿಸಿದ್ರೆ ಕಾರು ಕಣ್ಣೆದುರೇ ಕುಸಿಯುತ್ತೆ. ಕುಸಿದ ಸ್ಥಿತಿಯಲ್ಲೇ ಹೊಸ ಬೋರ್ಡು ಬೆಸೆದುಬಿಟ್ರೆ ಆ ಸೊಟ್ಟವೇ ಶಾಶ್ವತ. ಆಮೇಲೆ ಹಿಂಜ್ ಸರಿಸಿ, ಅದರ ಹಿಂದೆ ಶಿಮ್ ಅನ್ನೋ ತೆಳು ತಗಡು ಕೊಟ್ಟು ಏನು ಮಾಡಿದ್ರೂ ಬಾಗಿಲು ಕೂರಲ್ಲ.

– ಎರಡೂ ಕಡೆ ಒಟ್ಟಿಗೇ ಮಾಡಿದ್ರೆ?

– ಬೇಡ. ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದು ಕಡೆ. ಹೊಸ ಬೋರ್ಡಿಗೆ 18 ಗೇಜಿನ ತಗಡು ಬಗ್ಗಿಸ್ತೀನಿ, 1.2 ಮಿ.ಮೀ. ಬರುತ್ತೆ. ಮೊದಲು ಕ್ಲ್ಯಾಂಪ್ ಹಾಕಿ ನಿಲ್ಲಿಸಿ, ಆ ಕಡೆ ಪೈಪು ಅಡ್ಡ ಬರದ ಹಾಗೆ ಬಾಗಿಲು ತೂಗುಹಾಕಿ, ಸಂದು ನೋಡಿ, ಆಮೇಲೆ ವೆಲ್ಡಿಂಗ್. ಅದೂ ಒಂದೇ ಉಸಿರಿಗೆ ಎಳೆಯೋದಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ತಣ್ಣಗಾಗೋಕೆ ಬಿಟ್ಟು ಮತ್ತೆ ಟೇಪು ಹಿಡಿದು ನೋಡೋದು. ಕಾದ ತಗಡು ತಣ್ಣಗಾಗ್ತಾ ಎಳೆಯುತ್ತೆ. ಒಂದೇ ಕಡೆಯಿಂದ ಬೆಸೀತಾ ಹೋದ್ರೆ ಪಿಲ್ಲರನ್ನೇ ಎಳ್ಕೊಂಡು ಬಿಡುತ್ತೆ.

– ನಾನೊಂದು ವಿಡಿಯೋ ನೋಡಿದ್ದೆ. ಕಾರಿನ ಇಂಜಿನ್, ಸೀಟು, ಚಕ್ರ ಎಲ್ಲಾ ಬಿಚ್ಚಿ, ಬರೀ ಮೈಯನ್ನ ಸ್ಟ್ಯಾಂಡ್ ಮೇಲೆ ಕೂರಿಸಿ, ಅಲ್ಲೇ ಬಾಗಿಲು ಹೊಂದಿಸಿ ಬಣ್ಣ ಹೊಡೀತಾರೆ. ಎಷ್ಟು ಅಚ್ಚುಕಟ್ಟಾಗಿತ್ತು!

– ಸ್ಟ್ಯಾಂಡ್ ಎಲ್ಲಿಟ್ಟಿದ್ರು ಅನ್ನೋದು ನೋಡಬೇಕು. ಕಾರು ರಸ್ತೆ ಮೇಲೆ ನಿಂತಾಗ ಭಾರ ಇಳಿಯೋದು ಸಸ್ಪೆನ್ಷನ್ ಸೇರೋ ಜಾಗದಲ್ಲಿ. ಅಂಬಾಸಡರ್‌ನಲ್ಲಿ ಹಿಂದೆ ಪಟ್ಟಾ ಸ್ಪ್ರಿಂಗು. ಮುಂದೆ ಉದ್ದದ ಟಾರ್ಷನ್ ಬಾರು, ಅದು ಹಿಂದಕ್ಕೆ ಬಂದು ಫ್ಲೋರಿನ ಕೆಳಗಿನ ಅಡ್ಡತೊಲೆಗೆ ಸೇರುತ್ತೆ. ಅಂದ್ರೆ ಮುಂದಿನ ಚಕ್ರದ ಒತ್ತಡ ನೇರವಾಗಿ ನಡುಭಾಗಕ್ಕೇ ತಿರುಚೋ ಬಲವಾಗಿ ಬರುತ್ತೆ. ಬರೀ ಮೈಯಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ ಎಲೆ ಹಾಗೆ ಕೂತ ಬಾಗಿಲು ಇಂಜಿನ್ ಇಳಿಸಿದ ದಿನ ಕಚ್ಕೊಳ್ಳುತ್ತೆ, ಆಗ ಹೊಸ ಬಣ್ಣದ ಅಂಚು ಕಿತ್ಕೊಂಡು ಬರುತ್ತೆ. ಬರೀ ಮೈಯಲ್ಲಿ ಒಂದು ಸಲ ಹೊಂದಿಸೋದು ತಪ್ಪಲ್ಲ. ಕೊನೇ ತೀರ್ಮಾನ ಮಾತ್ರ ಇಂಜಿನ್ನು, ಗೇರ್‌ಬಾಕ್ಸು, ಸೀಟು ಎಲ್ಲಾ ಇದ್ದು, ಕಾರು ತನ್ನ ನಾಲ್ಕು ಚಕ್ರದ ಮೇಲೆ ನಿಂತಾಗಲೇ ಆಗಬೇಕು.

– ಸರಿ. ಮೈ ನೆಟ್ಟಗಾಯ್ತು, ಭಾರ ಬಂತು. ಈಗ ಯಾವ ಬಾಗಿಲಿಂದ ಶುರು? ಮುಂದಿನದ್ದಾ?

– ಹಿಂದಿನದ್ದು. ಹಿಂದಿನ ಕ್ವಾರ್ಟರ್ ಪ್ಯಾನೆಲ್ಲು ಮೈಗೆ ಬೆಸೆದದ್ದು, ಅದು ಅಲ್ಲಾಡಲ್ಲ. ಮಡ್‌ಗಾರ್ಡು ಬೋಲ್ಟಿನ ಮೇಲೆ ನಿಂತದ್ದು, ಆ ಕಡೆ ಈ ಕಡೆ ಸರಿಸಬಹುದು. ಕದಲದ ಕಡೆಯಿಂದ ಕದಲುವ ಕಡೆಗೆ ಬರಬೇಕು. ಹಿಂದಿನ ಬಾಗಿಲಿನ ಹಿಂಭಾಗ ಚಕ್ರದ ಮೇಲೆ ಬಾಗಿ ಇಳಿಯುತ್ತಲ್ಲ, ಆ ಬಾಗು ಕ್ವಾರ್ಟರ್ ಪ್ಯಾನೆಲ್ಲಿನ ಬಾಗಿಗೆ ಕೂರಬೇಕು. ಅದು ಕೂತ ಮೇಲೆ ಅದಕ್ಕೆ ಸರಿಯಾಗಿ ಮುಂದಿನ ಬಾಗಿಲು, ಮುಂದಿನ ಬಾಗಿಲಿಗೆ ಸರಿಯಾಗಿ ಮಡ್‌ಗಾರ್ಡು, ಎರಡು ಮಡ್‌ಗಾರ್ಡಿಗೆ ಸರಿಯಾಗಿ ಬಾನೆಟ್ಟು. ಮುಂದಿನಿಂದ ಶುರು ಮಾಡಿದ್ರೆ ತಪ್ಪೆಲ್ಲಾ ಹಿಂದಕ್ಕೆ ತಳ್ಳಿಕೊಂಡು ಹೋಗಿ ಕೊನೆಗೆ ಬೆಸೆದ ತಗಡಿಗೆ ಬಂದು ನಿಲ್ಲುತ್ತೆ. ಅಲ್ಲಿ ಮಾಡೋಕೇನೂ ಇರಲ್ಲ, ಪುಟ್ಟಿ ಡಬ್ಬ ತೆಗೀತಾರೆ.

– ಶಿಮ್ ಎಲ್ಲಿ ಹಾಕ್ತೀರಿ? ಬಾಗಿಲಿನ ತುದಿ ಕೆಳಗಿಳಿದಿದೆ ಅಂದ್ರೆ ಮೇಲಿನ ಹಿಂಜ್ ಎಳೆದು ಕಟ್ಟಬೇಕು ಅಂತ ಅನಿಸುತ್ತೆ.

– ಅದೂ ಒಂದು ದಾರಿ. ಮೇಲಿನ ಹಿಂಜ್ ಹಿಂದೆ ಶಿಮ್ ಇದ್ರೆ ತೆಗೀಬಹುದು. ಇಲ್ಲಾಂದ್ರೆ ಕೆಳಗಿನ ಹಿಂಜ್‌ಗೂ ಪಿಲ್ಲರ್‌ಗೂ ನಡುವೆ ತಗಡು ತೂರಿಸಬೇಕು. ಬಾಗಿಲಿನ ಕೆಳಭಾಗ ಹಿಂದಕ್ಕೆ ಸರಿದ್ರೆ ತುದಿ ತಾನೇ ಮೇಲೇಳುತ್ತೆ. ತುಂಬಾ ತೆಳು ತಗಡು ಸಾಕು. ಹೊಸಬರು ದಪ್ಪ ತಗಡು ಹಾಕಿ ಬಾಗಿಲು ಟಾಪಿಗೆ ಹೋಗಿ ಬಡಿಯುತ್ತೆ ಅಂತ ಗಾಬರಿಯಾಗ್ತಾರೆ.

– ಲೆಕ್ಕ ಹಾಕಿದ್ರೆ ಗೊತ್ತಾಗುತ್ತೆ. ಎರಡು ಹಿಂಜ್ ನಡುವೆ 40 ಸೆಂ.ಮೀ., ಬಾಗಿಲಿನ ಉದ್ದ 1 ಮೀಟರ್ ಅಂದ್ಕೊಳ್ಳಿ. ಹಿಂಜ್ ಹತ್ತಿರ 1 ಮಿ.ಮೀ. ಹಾಕಿದ್ರೆ ತುದಿಯಲ್ಲಿ ಎರಡೂವರೆ ಮಿ.ಮೀ. ಏಳುತ್ತೆ. ಸನ್ನೆಕೋಲಿನ ಲೆಕ್ಕ.

– ನಾನು ಲೆಕ್ಕ ಹಾಕಿದವನಲ್ಲ ಮೇಡಂ, ಆದ್ರೆ ಕೈಗೆ ಸಿಗೋದು ಅಷ್ಟೇ. ಒಂದು ಮಾತು. ಶಿಮ್ ಹಾಕಿ ಬಾಗಿಲು ನೋಡೋವಾಗ ಪಿಲ್ಲರಿನ ಮೇಲಿರೋ ಲಾಕ್ ಪ್ಲೇಟನ್ನ ಬಿಚ್ಚಿಟ್ಟಿರಬೇಕು, ರಬ್ಬರ್ ಬೀಡಿಂಗನ್ನೂ. ಲಾಕ್ ಪ್ಲೇಟು ಇದ್ರೆ ಅದು ಜೋತ ಬಾಗಿಲನ್ನ ಎತ್ತಿ ಹಿಡಿಯುತ್ತೆ, ಮುಚ್ಚಿದಾಗ ಎಲ್ಲಾ ಸರಿ ಇದ್ದ ಹಾಗೇ ಕಾಣುತ್ತೆ. ಆದ್ರೆ ಪ್ರತಿ ಸಲ ಮುಚ್ಚೋವಾಗ ಬಾಗಿಲಿನ ಭಾರವೆಲ್ಲಾ ಅದರ ಮೇಲೆ ಬಿದ್ದು ಸವೀತಾ ಹೋಗುತ್ತೆ. ಲಾಕ್ ಪ್ಲೇಟಿನ ಕೆಲಸ ಬಾಗಿಲನ್ನ ಒಳಗೆ ಎಳೆದು ಹಿಡ್ಕೊಳ್ಳೋದು, ಎತ್ತೋದಲ್ಲ. ಅದಿಲ್ಲದೆ ಬಾಗಿಲನ್ನ ಎರಡು ಬೆರಳಲ್ಲಿ ತಳ್ಳಿದ್ರೆ ಎಲ್ಲೂ ತಾಗದೆ ಬಾಯಿಗೆ ಬಂದು ನಿಲ್ಲಬೇಕು. ಆ ಮೇಲೆ ಲಾಕ್ ಪ್ಲೇಟು ಹಾಕಿ, ಬಾಗಿಲು ಸ್ವಲ್ಪವೂ ಮೇಲೆ ಕೆಳಗೆ ಹೋಗದ ಹಾಗೆ ಬಿಗೀತೀನಿ.

– ಸಂದು ಅಳೆಯೋಕೆ ಏನು ಬಳಸ್ತೀರಿ?

– ಡ್ರಿಲ್ ಬಿಟ್ಟು. ಅದರ ಹಿಂದಿನ ನುಣುಪು ಭಾಗ. 4 ಮಿ.ಮೀ.ದು, 5 ಮಿ.ಮೀ.ದು ಎರಡು ಜೇಬಲ್ಲೇ ಇರುತ್ತೆ. ನಾಲ್ಕರದ್ದು ಎಲ್ಲಾ ಕಡೆ ಹೋಗಬೇಕು, ಐದರದ್ದು ಎಲ್ಲೂ ಹೋಗಬಾರದು ಅಂತ ನೋಡ್ಕೊಂಡು ಬಂದ್ರೆ ಸಾಕು. ಕಣ್ಣು ಮೋಸ ಹೋಗುತ್ತೆ, ಯಾಕಂದ್ರೆ ಒಂದು ಬಾಗಿಲು ಇನ್ನೊಂದಕ್ಕಿಂತ ಚೂರು ಹೊರಗಿದ್ರೆ ಸಂದಿಗೆ ನೆರಳು ಬಿದ್ದು ಅಗಲವಾಗಿ ಕಾಣುತ್ತೆ. ಅದಕ್ಕೇ ಸಂದು ಬೇರೆ, ಮಟ್ಟ ಬೇರೆ. ಮಟ್ಟವನ್ನ ಕಣ್ಣು ಮುಚ್ಚಿ ಅಂಗೈ ಸವರಿ ನೋಡೋದು.

– ಇಲ್ಲಿ ನನ್ನ ಕೈಗೂ ಗೊತ್ತಾಗ್ತಿದೆ. ಬಾಗಿಲಿನ ಮೇಲ್ಭಾಗ ಮಟ್ಟವಾಗಿದೆ, ಕೆಳಮೂಲೆ ಹೊರಗೆ ಬಂದಿದೆ.

– ಬಾಗಿಲೇ ಚೂರು ತಿರುಚಿದೆ. ಅದಕ್ಕೊಂದು ಹಳೇ ಉಪಾಯ. ಲಾಕ್ ಹತ್ತಿರ ಬಾಗಿಲಿಗೂ ಪಿಲ್ಲರಿಗೂ ನಡುವೆ ಮರದ ತುಂಡು ಕೊಟ್ಟು, ಮೇಲೆ ಕೈಯಲ್ಲಿ ಹಿಡಿದು, ಆ ಕೆಳಮೂಲೆಗೆ ಮೊಣಕಾಲು ಕೊಟ್ಟು ಒತ್ತೋದು. ಜೋರಾಗಿ ಅಲ್ಲ. ಒತ್ತಿ ಬಿಡೋದು, ಸವರಿ ನೋಡೋದು, ಮತ್ತೆ ಒತ್ತೋದು. ತಗಡು ಬಿಟ್ಟ ತಕ್ಷಣ ಅರ್ಧ ವಾಪಸ್ ಬರುತ್ತೆ, ಆ ಲೆಕ್ಕ ಇಟ್ಕೊಂಡೇ ಒತ್ತಬೇಕು. ಇದನ್ನ ಸುತ್ತಿಗೆಯಲ್ಲಿ ಮಾಡೋಕೆ ಹೋದ್ರೆ ತಗಡು ಹಿಗ್ಗಿ ಅಲೆ ಅಲೆಯಾಗುತ್ತೆ.

– ಮತ್ತೆ ಆ ಗ್ರೈಂಡ್ ಮಾಡಿದ ಅಂಚು?

– ತೆಳು ಸಲಾಕೆಯನ್ನ ಅಂಚಿನ ಉದ್ದಕ್ಕೂ ಬೆಸೆದು, ಅರದಲ್ಲಿ ಉಜ್ಜಿ ಅಳತೆಗೆ ತರ್ತೀನಿ. ಕಬ್ಬಿಣ ಹೋದ ಕಡೆ ಕಬ್ಬಿಣ ಬರಬೇಕು. ಪುಟ್ಟಿಗೆ ಅಂಚಿನಲ್ಲಿ ಬಾಳಿಕೆ ಇಲ್ಲ. ದಿನಕ್ಕೆ ಹತ್ತು ಸಲ ಬಾಗಿಲು ಹಾಕ್ತೀರಿ, ಪೆಟ್ಟೆಲ್ಲಾ ಬೀಳೋದು ಅಂಚಿಗೇ. ಬಾಗಿಲಿನ ನಡುವೆ ಕೂದಲೆಳೆಯಷ್ಟು ಪುಟ್ಟಿ ಎಳೆದ್ರೆ ನನ್ನ ತಕರಾರಿಲ್ಲ. ಇದೆಲ್ಲಾ ಆದ ಮೇಲೆ ಹೊಸ ಬೀಡಿಂಗ್ ಹಾಕಿ ಮತ್ತೊಮ್ಮೆ ಬಾಗಿಲು ಹಾಕಿ ನೋಡೋದು. ಹೊಸ ರಬ್ಬರು ದಪ್ಪ ಇರುತ್ತೆ, ಗಡುಸು ಬೇರೆ. ಅದು ಬಾಗಿಲನ್ನ ಹೊರಕ್ಕೆ ತಳ್ಳಿದ್ರೆ ಬಣ್ಣಕ್ಕೆ ಮುಂಚೆಯೇ ಗೊತ್ತಾಗಬೇಕು. ಬಣ್ಣಕ್ಕೂ ಜಾಗ ಬಿಡಬೇಕು. ಪ್ರೈಮರು, ಬಣ್ಣ, ಎರಡೂ ಅಂಚಿನದ್ದು ಸೇರಿದ್ರೆ ಅರ್ಧ ಮಿ.ಮೀ.ವರೆಗೂ ಸಂದು ಕಮ್ಮಿಯಾಗಬಹುದು.

– ಉಸ್ತಾದ್, ಈಗ ನನ್ನ ಮನಸ್ಸಲ್ಲಿರೋದು ಕೇಳ್ತೀನಿ. ಇಷ್ಟೆಲ್ಲಾ ಮಾಡೋವಾಗ ನಾಲ್ಕೂ ಬಾಗಿಲು, ಬಾನೆಟ್ಟು, ಡಿಕ್ಕಿ, ಎಲ್ಲಾ ಸಂದೂ ಈಗಿನ ಕಾರುಗಳ ಹಾಗೆ ಗೆರೆ ಎಳೆದಂತೆ ಒಂದೇ ಸಮ ಮಾಡಿಕೊಡಿ. 1990ರ ದಶಕದ ಶುರುವಿನಲ್ಲಿ ಲೆಕ್ಸಸ್‌ನವರು ಒಂದು ಜಾಹೀರಾತು ಮಾಡಿದ್ರು. ಉಕ್ಕಿನ ಗುಂಡೊಂದು ಕಾರಿನ ಸಂದಿನ ಗುಂಟ ಉರುಳಿಕೊಂಡು ಹೋಗುತ್ತೆ, ಎಲ್ಲೂ ತಪ್ಪಿ ಬೀಳಲ್ಲ. ನಮ್ಮ ಕಾರೂ ಹಾಗಿರಬೇಕು ಅಂತ ಆಸೆ.

– ಆ ಕಾರು ಹುಟ್ಟಿದ್ದೇ ಹಾಗೆ. ಇದು ಹಾಗೆ ಹುಟ್ಟಿದ್ದಲ್ಲ. ಕಾರ್ಖಾನೆಯಲ್ಲೇ ಜನ ನಿಂತು, ಬಾಗಿಲು ತೂಗುಹಾಕಿ, ಅಲ್ಲಲ್ಲಿ ಬಗ್ಗಿಸಿ, ತಟ್ಟಿ ಕೂರಿಸಿದ ಮೈ ಇದು. ಅಂಬಾಸಡರ್ ಎರಡು ಪಕ್ಕಪಕ್ಕ ನಿಲ್ಲಿಸಿದ್ರೆ ಎರಡರ ಸಂದೂ ಬೇರೆ ಬೇರೆ. ಗುಜರಿಯಿಂದ ಒಂದು ಬಾಗಿಲು ತಂದು ಹಾಕಿದ್ರೆ ನೇರವಾಗಿ ಕೂತ ಉದಾಹರಣೆ ನಾನು ಕಂಡಿಲ್ಲ. ಅದಕ್ಕೇ ನಿಮ್ಮ ಬಾಗಿಲು ಎಷ್ಟೇ ತೂತಾಗಿದ್ರೂ ಎಸೀಬೇಡಿ ಅನ್ನೋದು. ತಳಕ್ಕೆ ಹೊಸ ತಗಡು ಹಾಕ್ತೀನಿ, ಬಾಗಿಲು ಅದೇ ಇರಲಿ. ಈ ಮೈಗೆ ಹೊಂದಿಕೊಂಡಿರೋದು ಅದೊಂದೇ.

– ಆದ್ರೆ ಕಾರ್ಖಾನೆಗಿಂತ ಚೆನ್ನಾಗಿ ಮಾಡೋ ಶಕ್ತಿ ನಿಮ್ಮ ಕೈಯಲ್ಲಿದ್ದಾಗ ಮಾಡಿದ್ರೆ ತಪ್ಪೇನು? ಅವರಿಗೆ ದಿನಕ್ಕೆ ಇಂತಿಷ್ಟು ಕಾರು ಹೊರಗೆ ಕಳಿಸಬೇಕಾದ ಆತುರ ಇತ್ತು. ನಮಗಿಲ್ಲ.

– ತಪ್ಪಂತ ಹೇಳ್ತಿಲ್ಲ. ಏನು ಕಳ್ಕೊಳ್ತೀರಿ ಅಂತ ಹೇಳ್ತೀನಿ. ಶಿಮ್ಮು, ಬೋಲ್ಟು ಸರಿಸಿ ಎಷ್ಟು ಸಮ ಬರುತ್ತೋ ಅಷ್ಟಕ್ಕೆ ನಾನು ಹಗಲುರಾತ್ರಿ ಕೂತು ಮಾಡ್ತೀನಿ. ಅದಕ್ಕಿಂತ ಮುಂದೆ ಹೋಗಬೇಕು ಅಂದ್ರೆ ಗಟ್ಟಿಯಾಗಿರೋ ಅಂಚನ್ನ ಕತ್ತರಿಸಬೇಕು, ಇನ್ನೊಂದು ಕಡೆ ಸೇರಿಸಬೇಕು, ಬಾನೆಟ್ಟಿನ ಮಡಿಕೆ ಬಿಚ್ಚಬೇಕು. ತುಕ್ಕು ತಿಂದದ್ದನ್ನ ನಾನು ಯೋಚನೆ ಮಾಡದೆ ಕತ್ತರಿಸ್ತೀನಿ. ಚೆನ್ನಾಗಿರೋ ತಗಡನ್ನ ಬರೀ ನೋಟಕ್ಕೋಸ್ಕರ ಕತ್ತರಿಸೋಕೆ ಮನಸ್ಸು ಬರಲ್ಲ.

– ಇವತ್ತು ಹಳೇ ಆಲ್ಬಮ್ ತಂದಿದೀನಿ. ಇದು ಕಾರು ಬಂದ ಹೊಸದರಲ್ಲಿ ಮನೆ ಮುಂದೆ ತೆಗೆದ ಫೋಟೋ. ಸರಿಯಾಗಿ ಡ್ರೈವರ್ ಕಡೆಯಿಂದ ತೆಗೆದಿದಾರೆ. ಭೂತಗನ್ನಡಿ ಹಿಡಿದು ನೋಡಿ, ಬಾನೆಟ್ಟಿಗೂ ಮಡ್‌ಗಾರ್ಡಿಗೂ ನಡುವೆ.

– ಹಿಂದೆ ಗಾಜಿನ ಹತ್ತಿರ ಕಿರಿದು, ಮುಂದೆ ಹೋಗ್ತಾ ಅಗಲ. ಬಂದಾಗಿನಿಂದ ಹಾಗೇ ಇದೆ. ಬಾಗಿಲ ಸಂದು ನೋಡಿದ್ರಾ, ಈ ಕಡೆಯ ಎರಡೂ ಚೆನ್ನಾಗಿ ಕೂತಿವೆ. ಎರಡು ಬಾಗಿಲ ನಡುವೆ ಮೇಲೂ ಕೆಳಗೂ ಒಂದೇ ಅಗಲ. ಇದು ನನಗೆ ಟೇಪಿಗಿಂತ ಜಾಸ್ತಿ ಉಪಯೋಗ ಮೇಡಂ. ಎಲ್ಲಿಗೆ ತಲುಪಬೇಕು ಅಂತ ಗೊತ್ತಾಯ್ತು.

– ಬಾನೆಟ್ ಸಂದು ಹೀಗೇ ಬಿಡ್ತೀರಾ?

– ನೀವೇ ಹೇಳಬೇಕು. ಮಡ್‌ಗಾರ್ಡ್ ಬೋಲ್ಟ್ ಸಡಿಲಿಸಿ ಚೂರು ಒಳಕ್ಕೆ ತರಬಹುದು, ಅದಕ್ಕೆ ಏನೂ ಕತ್ತರಿಸಬೇಕಾಗಿಲ್ಲ. ಆದ್ರೆ ಮಡ್‌ಗಾರ್ಡ್ ಒಳಕ್ಕೆ ಬಂದ್ರೆ ಬಾಗಿಲಿನ ಮಟ್ಟಕ್ಕಿಂತ ಒಳಗೆ ಹೋಗುತ್ತಾ ಅಂತ ನೋಡಬೇಕು. ಹೋದ್ರೆ ನಾನು ಬಾಗಿಲಿನ ಕಡೆ ನಿಲ್ತೀನಿ, ಬಾನೆಟ್ಟು ಫೋಟೋದಲ್ಲಿದ್ದ ಹಾಗೇ ಇರಲಿ ಅಂತೀನಿ.

– ಬಾಗಿಲಿನ ವಿಷಯದಲ್ಲಿ ನಿಮ್ಮ ಮಾತು ಒಪ್ತೀನಿ. ಬಾನೆಟ್ ವಿಷಯದಲ್ಲಿ ಇನ್ನೂ ಪೂರ್ತಿ ಒಪ್ಪಿಲ್ಲ. ಬೋಲ್ಟಿನಲ್ಲಿ ಆಗೋದಾದ್ರೆ ಮಾಡಿಯೇ ಮಾಡಿ.

– ಮಾಡೋಣ. ಈ ಫೋಟೋ ಇಲ್ಲೇ ಬಿಟ್ಟುಹೋಗಿ. ಮನೇಲಿಟ್ಟಿರೋ ಸೀಟು, ಹಳೇ ಲಾಕ್ ಪ್ಲೇಟು, ಬಿಚ್ಚಿದ ಶಿಮ್ಮು ಏನಿದ್ರೂ ಎಲ್ಲಾ ತನ್ನಿ, ಯಾವ ಬಾಗಿಲಿನದ್ದು ಅಂತ ಚೀಟಿ ಕಟ್ಟಿ. ಬೀಡಿಂಗ್ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಿಗುತ್ತೆ, ಕೊಳ್ಳೋಕೆ ಮುಂಚೆ ಹಳೇದರ ಒಂದು ತುಂಡು ಕೈಯಲ್ಲಿಟ್ಕೊಂಡು ದಪ್ಪ ಹೋಲಿಸಿ ನೋಡಿ. ಪೇಂಟಿಂಗ್‌ನವರಿಗೆ ಮಾತ್ರ ಇನ್ನೂ ದಿನ ಕೊಡಬೇಡಿ. ಬೋರ್ಡು ಎರಡೂ ಕಡೆ ಮುಗಿದು, ಇಂಜಿನ್ ಕೂತು, ಉಬ್ಬು ತಗ್ಗಿನ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬಂದು ಸಂದು ಮತ್ತೆ ನೋಡೋವರೆಗೂ ಬಣ್ಣದ ಮಾತು ಬೇಡ.